ಪಾತ್ರೆ ಅಂಗಡಿ ಆಂಟಿಯ ಆರೂವರೆ ಸೆಕೆಂಡು

"ಅಂಟಿಸೋ ಕೆಲ್ಸ ಅಷ್ಟೇ ಅಲ್ವೇನಮ್ಮಾ ನಿಮ್ದು? ಅದನ್ನೂ ನೆಟ್ಟಗೆ ಮಾಡಕ್ಕಾಗಲ್ವಾ? ಗೋಡೆಗೆ ಪೋಸ್ಟರ್ ಅಂಟ್ಸೋರೇ ವಾಸಿ, ಮಳೆ ಬಂದ್ರೂ ಬಿಚ್ಕೊಳಲ್ಲ."

ಜಯನಗರದ ನಮ್ಮ ಆಸ್ಪತ್ರೆಯ ಹಿರಿಯ ಹೃದಯ ಡಾಕ್ಟರು ಸೋಮವಾರ ಬೆಳಗಿನ ಮೀಟಿಂಗಿನಲ್ಲಿ, ಇಡೀ ವಿಭಾಗದ ಎದುರು, ನನಗೆ ಹೇಳಿದ ಮಾತು ಇದು. ಎಲ್ಲರೂ ನಕ್ಕರು. ದಿನಾ ಮಧ್ಯಾಹ್ನ ನನ್ನ ಡಬ್ಬಿಯಿಂದಲೇ ಉಪ್ಪಿನಕಾಯಿ ಹಾಕಿಕೊಳ್ಳುವ ಎಕೋ ಸ್ಕ್ಯಾನ್ ವಿಭಾಗದವಳೂ ನಕ್ಕಳು. ನಾನು ಆ ಮನುಷ್ಯನ ಮುಖವನ್ನೇ ನೋಡುತ್ತಾ ಮನಸ್ಸಿನಲ್ಲಿ ಅಂದುಕೊಂಡೆ: ಇದೇ ಕೋಣೆಯಲ್ಲಿ, ಇದೇ ಜನರ ಎದುರು ನಿಮ್ಮ ಬಾಯಿ ಮುಚ್ಚಿಸದಿದ್ದರೆ ಕೇಳಿ. ಇಂಥ ಶಪಥ ಮಾಡುವ ಜಾಯಮಾನ ನನ್ನದಲ್ಲ ಎಂದರೆ ಸುಳ್ಳಾಗುತ್ತದೆ. ನನ್ನದೇ.

ನನ್ನ ಕೆಲಸ ಹೋಲ್ಟರ್ ವಿಭಾಗದಲ್ಲಿ. ಹೋಲ್ಟರ್ ಅಂದರೆ ಸೋಪಿನ ಡಬ್ಬಿಗಿಂತ ಚಿಕ್ಕದಾದ ರೆಕಾರ್ಡರು. ಅದರ ವೈರುಗಳನ್ನು ರೋಗಿಯ ಎದೆಗೆ ಅಂಟಿಸಿ ಮನೆಗೆ ಕಳಿಸುತ್ತೇವೆ. ಒಂದು ಹಗಲು, ಒಂದು ರಾತ್ರಿಯ ಪ್ರತಿ ಬಡಿತವೂ ಅದರಲ್ಲಿ ದಾಖಲಾಗುತ್ತದೆ. ಜೊತೆಗೊಂದು ಡೈರಿ ಹಾಳೆ ಕೊಡುತ್ತೇವೆ. ಎಷ್ಟು ಗಂಟೆಗೆ ಏನು ಮಾಡುತ್ತಿದ್ದಿರಿ, ಮೈಗೆ ಏನನ್ನಿಸಿತು ಎಂದು ಅವರೇ ಬರೆಯಬೇಕು. ಮರುದಿನ ಆ ಲಕ್ಷ ಬಡಿತಗಳನ್ನು ಪರದೆಯ ಮೇಲೆ ಓಡಿಸಿ ನೋಡುವುದು ನನ್ನ ಪಾಲು. ಎಣಿಸಿ ಎಣಿಸಿ ಅದೊಂದು ಚಟವಾಗಿಬಿಟ್ಟಿದೆ. ಬನಶಂಕರಿ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದರೂ, ಕುಕ್ಕರಿನ ಎರಡು ವಿಷಲ್‌ಗಳ ನಡುವೆಯೂ ಸೆಕೆಂಡು ಎಣಿಸುತ್ತಿರುತ್ತೇನೆ.

ಜಗಳದ ಬೀಜ ಬಿದ್ದದ್ದು ಆ ಸೋಮವಾರಕ್ಕೆ ಮುಂಚಿನ ಗುರುವಾರ. ಕತ್ರಿಗುಪ್ಪೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಗಂಡ ಹೆಂಡತಿ ಬಂದರು. ತಿಪಟೂರು ಕಡೆಯ ಲಿಂಗಾಯತರು. ಆಂಟಿಗೆ ಐವತ್ತೈದರ ಆಸುಪಾಸು. ತಿಂಗಳಲ್ಲಿ ಎರಡು ಸಲ ನಿಂತ ನಿಲುವಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಇಸಿಜಿ ಸರಿಯಿತ್ತು, ಬಿಪಿ ಸರಿಯಿತ್ತು, ನಾಡಿ ನಿಧಾನಿಸುವ ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಹೋಲ್ಟರ್ ಹಾಕಿ ಎಂದು ಹಿರಿಯ ಡಾಕ್ಟರೇ ಬರೆದು ಕಳಿಸಿದ್ದರು.

ಎದೆಯ ಮೇಲೆ ನಡುವಿನ ಎಲೆಕ್ಟ್ರೋಡ್ ಅಂಟಿಸಬೇಕಾದ ಜಾಗದಲ್ಲೇ ಆಂಟಿಯ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ, ಶಿವದಾರದಲ್ಲಿ ಇಳಿಬಿದ್ದಿತ್ತು.

"ಒಂದಿನದ ಮಟ್ಟಿಗೆ ತೆಗ್ದಿಡಕ್ಕಾಗತ್ತಾ ಆಂಟಿ?" ಎಂದೆ.

"ಅದೆಂಗಮ್ಮಾ ಆಗತ್ತೆ? ಲಿಂಗ ಮೈಮೇಲಿಂದ ಇಳ್ಸೋದಿಲ್ಲ. ಬೇಕಾದ್ರೆ ನಿನ್ನ ಮಷಿನ್ನೇ ಇಳ್ಸಿಬಿಡು."

ನಗು ಬಂತು. ಎಲೆಕ್ಟ್ರೋಡನ್ನು ಎರಡು ಬೆರಳು ಪಕ್ಕಕ್ಕೆ ಅಂಟಿಸಿದೆ. ಹಾಗೆ ಜಾಗ ಬದಲಿಸಿದರೆ ವರದಿ ಹಾಳೆಯಲ್ಲಿ ಬರೆಯಬೇಕು, ಅದಕ್ಕೇ ಒಂದು ಖಾನೆ ಇದೆ. ಹೊರಗೆ ಏಳು ಜನ ಕಾಯುತ್ತಿದ್ದರು, ಆಮೇಲೆ ಬರೆದರಾಯಿತು ಎಂದುಕೊಂಡೆ, ಮರೆತೆ. ಇದು ನನ್ನ ತಪ್ಪು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮರುದಿನ ಓಡಿಸಿ ನೋಡಿದರೆ ಮೂರು ಕಡೆ ಗ್ಯಾಪ್. ಬಡಿತ, ಬಡಿತ, ಆಮೇಲೆ ಗೆರೆ ಅಷ್ಟೇ. ದೊಡ್ಡದು ನಾಲ್ಕು ಸೆಕೆಂಡಿನದು. ಮೂರೂ ಆಂಟಿ ಡೈರಿಯಲ್ಲಿ 'ಪೂಜೆ' ಎಂದು ಬರೆದಿದ್ದ ಹೊತ್ತಿನಲ್ಲಿ, ಸಂಜೆ ಒಂದು, ಬೆಳಿಗ್ಗೆ ಎರಡು.

ಹೃದಯದ ಬಲಗಡೆ ಮೇಲ್ಕೋಣೆಯಲ್ಲಿ, ದೊಡ್ಡ ರಕ್ತನಾಳ ಬಂದು ಸೇರುವ ಮೂಲೆಯಲ್ಲಿ, ಒಂದು ಹುರುಳಿಕಾಯಿ ತುಂಡಿನಷ್ಟು ಜೀವಕೋಶಗಳ ಗುಂಪಿದೆ. ಹೃದಯದ ಉಳಿದ ಸ್ನಾಯುವೆಲ್ಲ ಯಾರಾದರೂ ತಟ್ಟಿ ಎಬ್ಬಿಸುವವರೆಗೆ ಸುಮ್ಮನಿರುತ್ತದೆ. ಈ ಕೋಶಗಳಿಗೆ ಸುಮ್ಮನಿರಲು ಬರುವುದೇ ಇಲ್ಲ. ಒಂದು ಬಡಿತ ಮುಗಿದ ಮರುಕ್ಷಣವೇ ಅವುಗಳೊಳಗೆ ಸೋಡಿಯಂ ಸ್ವಲ್ಪ ಸ್ವಲ್ಪವೇ ಸೋರಿ ಬರತೊಡಗುತ್ತದೆ. ಮೈನಸ್ ಅರವತ್ತು ಮಿಲಿವೋಲ್ಟಿನ ಹತ್ತಿರ ಇದ್ದ ವಿದ್ಯುತ್ತು ಮೆಲ್ಲಗೆ ಮೇಲೇರುತ್ತದೆ. ಮೈನಸ್ ನಲವತ್ತರ ಸುಮಾರಿಗೆ ಮುಟ್ಟಿದಾಗ ಕ್ಯಾಲ್ಸಿಯಂ ಬಾಗಿಲು ತೆರೆದು ಒಳನುಗ್ಗುತ್ತದೆ, ಕಿಡಿ ಹಾರುತ್ತದೆ, ಇಡೀ ಹೃದಯ ಹಿಂಡಿಕೊಳ್ಳುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ಮಿದುಳಿನಿಂದ ಇಳಿದು ಬರುವ ವೇಗಸ್ ಎಂಬ ನರ ಆ ಏರಿಕೆಯನ್ನು ನಿಧಾನ ಮಾಡಬಲ್ಲದು, ಅಷ್ಟೇ. ಕೋಶಗಳಿಗೆ ಕಾಯಿಲೆ ಹಿಡಿದಿದ್ದರೆ ಆ ನಿಧಾನವೇ ನಿಲುಗಡೆಯಾಗುತ್ತದೆ.

ತೊಂದರೆ ಏನೆಂದರೆ, ಆ ಕೋಶಗಳ ಕಿಡಿ ನಮ್ಮ ಮಷಿನ್‌ಗಳಿಗೆ ಕಾಣುವುದಿಲ್ಲ. ಅಷ್ಟು ಸಣ್ಣದು. ಕಿಡಿ ಹಾರಿದ ಮೇಲೆ ಮೇಲ್ಕೋಣೆ ಅಲುಗಿದಾಗ ಗೆರೆಯಲ್ಲಿ ಏಳುವ ಪುಟ್ಟ ಉಬ್ಬು ಮಾತ್ರ ಕಾಣುತ್ತದೆ. ಉಬ್ಬು ಇಲ್ಲದ ನೇರ ಗೆರೆ ಬಂದರೆ ಎರಡರಲ್ಲಿ ಒಂದು: ಕೋಶಗಳು ಕೈಕೊಟ್ಟಿವೆ, ಇಲ್ಲವೇ ವೈರು ಕಿತ್ತುಬಂದಿದೆ. ವೈರು ಕಿತ್ತು ಬರುವ ಸುಳ್ಳು ಗೆರೆಗೆ ನಮ್ಮ ಭಾಷೆಯಲ್ಲಿ ಆರ್ಟಿಫ್ಯಾಕ್ಟ್ ಎನ್ನುತ್ತೇವೆ. ನಿಜವಾದ ಗ್ಯಾಪ್ ಆದರೆ ರೋಗಿ ಉಸಿರಾಡಿದಂತೆ ಗೆರೆ ಒಂಚೂರು ಏರಿಳಿಯಬೇಕು. ಸತ್ತ ವೈರು ಉಸಿರಾಡುವುದಿಲ್ಲ. ಆಂಟಿಯ ಮೂರೂ ಗ್ಯಾಪುಗಳಲ್ಲಿ ಗೆರೆ ಅಲುಗಿರಲಿಲ್ಲ, ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಮೇಲಾಗಿ ಎರಡರಲ್ಲಿ ಗ್ಯಾಪಿಗೆ ಮುಂಚೆ ವೈರು ಎಳೆದಂಥ ಒಂದು ಜರ್ಕ್ ಇತ್ತು. ಆದರೂ ಬೇರೆ ಬೇರೆ ವೈರುಗಳಿಂದ ಬರುವ ಮೂರು ಚಾನೆಲ್ಲೂ ಒಂದೇ ಕ್ಷಣಕ್ಕೆ ನಿಂತು ಒಂದೇ ಕ್ಷಣಕ್ಕೆ ಶುರುವಾಗಿದ್ದವು. ವೈರು ಅಷ್ಟು ಶಿಸ್ತಾಗಿ ಕೀಳುವುದಿಲ್ಲ. 'ನಿಜವಾದ ಗ್ಯಾಪ್ ಇರಬಹುದು, ದಯವಿಟ್ಟು ನೋಡಿ' ಎಂದು ಬರೆದು ಕಳಿಸಿದೆ.

ಹಾಳೆ ವಾಪಸು ಬಂತು. ಹಿರಿಯ ಡಾಕ್ಟರು ಅದರ ಮೇಲೆ ಅಡ್ಡಡ್ಡ 'ಆರ್ಟಿಫ್ಯಾಕ್ಟ್' ಎಂದು ಬರೆದು ಸಹಿ ಹಾಕಿದ್ದರು. ಸೋಮವಾರ ಮೀಟಿಂಗಿನಲ್ಲಿ ಅದನ್ನೇ ಪರದೆಗೆ ಹಾಕಿಸಿದರು.

"ನಡುವಿನ ಎಲೆಕ್ಟ್ರೋಡ್ ಎಲ್ಲಿ ಹಾಕಿದ್ರಿ?"

"ಎರಡು ಬೆರಳು ಎಡಕ್ಕೆ ಸಾರ್. ಕರಡಿಗೆ ಇತ್ತು."

"ಹಾಳೇಲಿ ಬರ್ದಿದೀರಾ?"

"ಇಲ್ಲ ಸಾರ್."

"ಪೂಜೆ ಟೈಮಲ್ಲಿ ಕರಡಿಗೆ ಎಳೀತಾರೆ, ಪಕ್ಕದಲ್ಲೇ ನಿಮ್ಮ ವೈರು. ಇನ್ನೇನಾಗತ್ತೆ?" ಎಂದು ಕೇಳಿ, ಆಮೇಲೆ ಆ ಪೋಸ್ಟರಿನ ಮಾತು ಹೇಳಿದರು. ಆಂಟಿಗೆ 'ಏನೂ ತೊಂದರೆ ಇಲ್ಲ' ಎಂದು ಆಗಲೇ ಹೇಳಿ ಕಳಿಸಿಯೂ ಆಗಿತ್ತು.

ಸುದ್ದಗುಂಟೆಪಾಳ್ಯದ ಮನೆಗೆ ಹೋಗಿ, ಚಪಾತಿ ಲಟ್ಟಿಸುತ್ತಾ ಹಿರಿಯ ಡಾಕ್ಟರ ಧ್ವನಿಯನ್ನು ಅಣಕಿಸಿದೆ. ಆಂಟಿಯ ಚಿಂತೆ ಆಗ ನನಗೆ ಎಷ್ಟಿತ್ತು? ಇತ್ತು, ಆದರೆ ಎರಡನೆಯ ಜಾಗದಲ್ಲಿ. ಮೊದಲನೆಯ ಜಾಗದಲ್ಲಿ ಆ ಡಾಕ್ಟರ ಮುಖ ಇತ್ತು.

ಮಂಗಳವಾರ ಡ್ಯೂಟಿ ಮುಗಿಸಿ ನೇರ ಕತ್ರಿಗುಪ್ಪೆಯ ಅಂಗಡಿಗೆ ಹೋದೆ. ಅಂಕಲ್‌ಗೆ ನಾನು ಬಂದದ್ದು ಅಷ್ಟೇನೂ ಹಿಡಿಸಲಿಲ್ಲ.

"ದೊಡ್ಡ ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ನಿಂದೇನಮ್ಮಾ ಮತ್ತೆ?"

"ನನ್ನ ಕೆಲ್ಸ ನಂಗೆ ಸಮಾಧಾನ ಆಗಿಲ್ಲ ಅಂಕಲ್. ಇನ್ನೊಂದ್ಸಲ ಹಾಕ್ತೀನಿ," ಎಂದೆ. ಅರ್ಧ ನಿಜ.

ಆಂಟಿ ಕೊಳದಪ್ಪಲೆಗಳ ನಡುವೆ ಸ್ಟೂಲ್ ಎಳೆದು ಕೂರಿಸಿದರು. ಪೂಜೆ ಹೇಗೆ ಮಾಡುತ್ತೀರಿ, ಒಂದೂ ಬಿಡದೆ ಹೇಳಿ ಎಂದೆ. ಅವರು ಮಾಡಿಯೇ ತೋರಿಸಿದರು: ಲಿಂಗ ಎಡ ಅಂಗೈಯಲ್ಲಿ, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಹೊಡೆಯದೆ ನೋಡುತ್ತಾ ಜಪ.

"ಹನ್ನೊಂದು ಸಲ ಪಂಚಾಕ್ಷರಿ, ಮನಸ್ನಲ್ಲೇ. ಮುಗಿಯೋವರ್ಗೂ ಉಸಿರು ಬಿಡಂಗಿಲ್ಲ. ನಮ್ಮಜ್ಜಿ ಕಲ್ಸಿದ್ದು ಹಂಗೆ."

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಉಸಿರು ಕಟ್ಟಿ ಕೂತವರ ಗೆರೆ ಏರಿಳಿಯುವುದಾದರೂ ಹೇಗೆ? ಅದು ಸತ್ತ ವೈರಲ್ಲ, ಕಟ್ಟಿದ ಉಸಿರು. ನಮ್ಮ ದೊಡ್ಡ ಡಾಕ್ಟರು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನೂ ಕೇಳಿರಲಿಲ್ಲ ಅನ್ನಿ.

ಆಂಟಿಯ ಮುಖ ಸಣ್ಣದಾಯಿತು. "ಹಂಗಾದ್ರೆ ಪೂಜೆಯಿಂದ್ಲೇ ಹಿಂಗಾಗ್ತಿರೋದಾ?"

"ಅಯ್ಯೋ ಅಲ್ಲ ಆಂಟಿ. ಉಸಿರು ಕಟ್ಟಿದ್ರೆ ಯಾರ ಹೃದಯ ಆದ್ರೂ ಸ್ವಲ್ಪ ನಿಧಾನ ಆಗತ್ತೆ. ನಿಮ್ದು ನಿಲ್ತಾ ಇದೆಯೇನೋ ಅಂತ ನನ್ನ ಅನುಮಾನ. ನೀವು ದಿನಾ ಹೆಂಗೋ ಹಂಗೇ ಮಾಡಿ."

ನನ್ನ ಯೋಜನೆ ಎರಡು ಮಷಿನ್. ಒಂದು ಎಂದಿನಂತೆ ಎದೆಗೆ. ಇನ್ನೊಂದರ ವೈರುಗಳೆಲ್ಲ ಬೆನ್ನಿಗೆ, ಬೆನ್ನುಹುರಿಯ ಅಕ್ಕಪಕ್ಕ. ಕರಡಿಗೆ ಎಷ್ಟು ಎಳೆದರೂ ಬೆನ್ನಿನ ವೈರು ಅಲುಗುವುದಿಲ್ಲ. ಎರಡೂ ಒಂದೇ ಕ್ಷಣಕ್ಕೆ ನಿಂತರೆ ನಿಂತದ್ದು ಹೃದಯವೇ. ಡಾಕ್ಟರ ಚೀಟಿ ಇಲ್ಲದೆ ಮಷಿನ್ ಹೊರಗೆ ಕೊಡುವಂತಿಲ್ಲ. ಡ್ಯೂಟಿ ಡಾಕ್ಟರ ಹತ್ತಿರ 'ಮೊದಲ ಸಲ ಸರಿಯಾಗಿ ಬಂದಿಲ್ಲ' ಎಂದು ನನ್ನ ತಲೆಗೇ ಕಟ್ಟಿಕೊಂಡು ಸಹಿ ಮಾಡಿಸಿದೆ. ಎರಡನೆಯದು ಕಪಾಟಿನಲ್ಲಿದ್ದ ಹಳೇ ಮಷಿನ್. ಎರಡರ ಗಡಿಯಾರವೂ ಒಂದೇ ಸಮ ಇರುವುದಿಲ್ಲವಲ್ಲ, ಅದಕ್ಕೆ ಆಂಟಿಯ ಎದೆಯ ಒಂದು ಎಲೆಕ್ಟ್ರೋಡ್, ಬೆನ್ನಿನ ಒಂದು ಎಲೆಕ್ಟ್ರೋಡ್ ಮೇಲೆ ಎರಡು ಕೈಯಿಂದ ಒಟ್ಟಿಗೆ ಮೂರು ಸಲ ತಟ್ಟಿದೆ. ತಟ್ಟಿದಾಗಲೆಲ್ಲ ಗೆರೆಯಲ್ಲಿ ಮುಳ್ಳಿನಂಥ ಮೊನೆ ಏಳುತ್ತದೆ, ಆ ಮೂರು ಮುಳ್ಳು ಎರಡರಲ್ಲೂ ಬೀಳುತ್ತವೆ. ಆಮೇಲೆ ಮುಳ್ಳಿಗೆ ಮುಳ್ಳು ಜೋಡಿಸಿದರೆ ಸಮಯ ಕೂಡಿಬರುತ್ತದೆ. ಈ ಸಲ ಪ್ರತಿ ಎಲೆಕ್ಟ್ರೋಡಿನ ಜಾಗವನ್ನೂ ಬರೆದೆ, ಫೋಟೋ ಹಿಡಿದೆ.

ಬುಧವಾರ ಹಾಕಿದ್ದು ಗುರುವಾರ ಬೆಳಿಗ್ಗೆ ಬಿಚ್ಚಿದರೆ ಹಳೇ ಮಷಿನ್ ಐದೇ ಗಂಟೆ ಓಡಿ ಸತ್ತಿತ್ತು. ಬ್ಯಾಟರಿ ಹಿಡಿಯುವ ಸ್ಪ್ರಿಂಗ್ ಸಡಿಲ. ದರಿದ್ರ ಮಷಿನ್ ಎಂದು ಬೈದು, ಸ್ಪ್ರಿಂಗಿನ ಹಿಂದೆ ಕಾಗದ ಮಡಚಿ ತುರುಕಿ, ಟೇಪು ಸುತ್ತಿದೆ. ಇನ್ನೊಂದು ದಿನ ಎಂದು ಆಂಟಿಯ ಕೈ ಹಿಡಿದುಕೊಂಡೆ.

"ಮೂರನೇ ಸಲ ಕಣಮ್ಮಾ. ಎರಡು ದಿನದಿಂದ ಸ್ನಾನ ಇಲ್ದೆ ಬರೀ ಮೈ ಒರೆಸ್ಕೊಂಡು ಪೂಜೆ ಮಾಡ್ತಿದೀನಿ."

"ಇದೇ ಕೊನೆ ಆಂಟಿ. ಆಣೆ."

ಶುಕ್ರವಾರ ಬೆಳಿಗ್ಗೆ ಬಿಚ್ಚಿದೆ. ಹಳೇ ಮಷಿನ್ ಪೂರ್ತಿ ಓಡಿತ್ತು. ಮುಳ್ಳಿಗೆ ಮುಳ್ಳು ಕೂಡಿಸಿದೆ. ಆ ದಿನ ಬೆಳಗಿನ ಪೂಜೆ ಹೊತ್ತಿಗೆ ಎದೆಯದೂ ನಿಂತಿತ್ತು, ಬೆನ್ನಿನದೂ ನಿಂತಿತ್ತು, ಐದು ಸೆಕೆಂಡು. ಹಿಂದಕ್ಕೆ ಹೋದೆ. ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಇನ್ನೊಂದು. ಪೂಜೆಯ ಹೊತ್ತಲ್ಲ, ಉಸಿರೂ ಕಟ್ಟಿರಲಿಲ್ಲ. ಎರಡೂ ಗೆರೆಗಳು ಒಟ್ಟಿಗೆ ಮೆಲ್ಲಗೆ ಏರಿ ಇಳಿದಿದ್ದವು. ಅಳೆದೆ: ಆರೂವರೆ ಸೆಕೆಂಡು. ಕಿಡಿ ಹಾರಿಯೂ ಹೊರಗೆ ಬರಲಾಗದೆ ಸಿಕ್ಕಿಕೊಂಡಿದ್ದರೆ ಗ್ಯಾಪು ಹಿಂದಿನ ಬಡಿತಗಳ ಅಂತರದ ಸರಿಯಾಗಿ ಐದು ಪಟ್ಟೋ ಆರು ಪಟ್ಟೋ ಆಗಿರಬೇಕು. ಆಗಿರಲಿಲ್ಲ. ಕೋಶಗಳೇ ಸುಮ್ಮನಾಗಿದ್ದವು.

ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಒಂದು ಹೆಂಗಸಿನ ಹೃದಯ ಆರೂವರೆ ಸೆಕೆಂಡು ನಿಂತದ್ದು ಕಂಡು ನನಗೆ ಕುಣಿಯುವಷ್ಟು ಖುಷಿಯಾಯಿತು. ಈಗಲೇ ಕೊಟ್ಟರೆ ಆ ಮನುಷ್ಯ ಸದ್ದಿಲ್ಲದೆ ಒಂದು ಚೀಟಿ ಬರೆದು ನುಣುಚಿಕೊಳ್ಳುತ್ತಾರೆ. ಸೋಮವಾರಕ್ಕೆ ಮೂರೇ ದಿನ. ಎರಡು ಗೆರೆಗಳನ್ನೂ ಪರದೆಗೆ ಹಾಕಿ, "ಸಾರ್, ಬೆನ್ನಿನಲ್ಲೂ ಕರಡಿಗೆ ಇರುತ್ತಾ?" ಎಂದು ಕೇಳಬೇಕು. ಆ ವಾಕ್ಯವನ್ನು ಮೂರು ರೀತಿಯಲ್ಲಿ ಹೇಳಿ ನೋಡಿಕೊಂಡೆ. ಯಾವ ಸೀರೆ ಉಡುವುದು ಎಂದೂ ಯೋಚಿಸಿದೆ. ವರದಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಬೇರೆ ರೋಗಿಗಳನ್ನು ನೋಡತೊಡಗಿದೆ. ಒಂದೂ ಮುಕ್ಕಾಲು ಗಂಟೆ ಅದು ಅಲ್ಲೇ ಇತ್ತು.

ಆಂಟಿಯ ಡೈರಿ ಹಾಳೆಯನ್ನು ಫೈಲಿಗೆ ಸೇರಿಸುವುದು ಬಾಕಿಯಿತ್ತು. ಹನ್ನೊಂದೂ ಇಪ್ಪತ್ತರ ಎದುರು ಅವರ ಗುಂಡು ಅಕ್ಷರ: 'ಏಣಿ ಮೇಲೆ. ಕೊಳದಪ್ಪಲೆ ಜೋಡಿಸ್ತಿದ್ದೆ. ಕತ್ತಲೆ ಬಂತು. ಕಂಬಿ ಹಿಡ್ಕೊಂಡೆ.'

ಅಂಗಡಿಗೆ ಫೋನ್ ಮಾಡಿದೆ. ಅಂಕಲ್ ಎತ್ತಿದರು.

"ಅವ್ಳಾ? ಏಣಿ ಮೇಲಿದಾಳೆ. ಇಳಿದ್ಮೇಲೆ ಮಾಡಿಸ್ಲಾ?"

"ಇಳ್ಸಿ ಅಂಕಲ್! ಈಗ್ಲೇ ಇಳ್ಸಿ! ಏಣಿ ಗಟ್ಟಿ ಹಿಡ್ಕೊಳಿ!" ಎಂದು ಕಿರುಚಿದೆ. ಹೊರಗೆ ಕೂತಿದ್ದ ರೋಗಿಗಳೆಲ್ಲ ಇಣುಕಿ ನೋಡಿದರು. ಫೋನಿನಲ್ಲಿ ಪಾತ್ರೆ ಬಿದ್ದ ಸದ್ದು, ಆಮೇಲೆ ಅಂಕಲ್ ಧ್ವನಿ, ಆಮೇಲೆ ಆಂಟಿ: "ಏನಮ್ಮಾ? ಏನಾಯ್ತು?" ನಾನು ಉಸಿರು ಬಿಟ್ಟೆ. ಆಟೋ ಹಿಡಿದು ಈಗಲೇ ಬನ್ನಿ, ಒಬ್ಬರೇ ಬೇಡ, ಅಂಕಲ್ ಜೊತೆಗೇ ಬನ್ನಿ ಎಂದೆ. ಸಿಟ್ಟು ನನ್ನದು, ಏಣಿ ಅವರದು. ನನ್ನ ಸೋಮವಾರಕ್ಕೋಸ್ಕರ ಆ ಹೆಂಗಸು ಮೂರು ದಿನ ಅದರ ಮೇಲೆ ನಿಲ್ಲಬೇಕಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡ್ರಾಯರ್ ತೆಗೆದು ವರದಿ ಹಿಡಿದು ಮೆಟ್ಟಿಲಿಳಿದು ಓಪಿಡಿಗೆ ಓಡಿದೆ. ಹಿರಿಯ ಡಾಕ್ಟರು ಒಬ್ಬ ರೋಗಿಯನ್ನು ನೋಡುತ್ತಿದ್ದರು. ಕೇಳದೆ ಒಳಗೆ ನುಗ್ಗಿ ಎರಡು ಗೆರೆಗಳನ್ನೂ ಮೇಜಿನ ಮೇಲೆ ಹಾಸಿದೆ.

"ಎದೆ ಸಾರ್. ಇದು ಬೆನ್ನು. ಒಂದೇ ಕ್ಷಣ. ಆರೂವರೆ ಸೆಕೆಂಡು, ಏಣಿ ಮೇಲಿದ್ದಾಗ."

ಅವರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಅವರಿಗೆ ಕೆಲಸ ಬರುವುದಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ.

"ಹ್ಞೂಂ. ಸಿಕ್ ಸೈನಸ್. ನಂಗೆ ಮೊದಲಿಂದ್ಲೂ ಡೌಟ್ ಇತ್ತು. ಅಡ್ಮಿಟ್ ಮಾಡ್ಸಿ."

ಸಿಕ್ ಸೈನಸ್ ಅಂದರೆ ಆ ಕಿಡಿ ಹಾರಿಸುವ ಕೋಶಗಳದೇ ಕಾಯಿಲೆ. ಮೊದಲಿಂದಲೂ ಡೌಟ್ ಇತ್ತಂತೆ! ಅಲ್ಲೇ ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಆಂಟಿ ಆಟೋದಿಂದ ಇಳಿಯುವುದು ಕಿಟಕಿಯಲ್ಲಿ ಕಂಡಿತು. ವೀಲ್‌ಚೇರ್ ತರಲು ಹೋದೆ.

ಶನಿವಾರ ಪೇಸ್‌ಮೇಕರ್ ಹಾಕಿದರು. ಭುಜದ ಕೆಳಗೆ ಚರ್ಮದೊಳಗೆ ಪುಟ್ಟ ಡಬ್ಬಿ, ಅದರ ವೈರು ಹೃದಯದೊಳಕ್ಕೆ. ಕೋಶಗಳು ಸುಮ್ಮನಾದರೆ ಡಬ್ಬಿಯೇ ತಟ್ಟುತ್ತದೆ. ಆಪರೇಷನ್ನಿನ ಹೊತ್ತಿಗೆ ಲಿಂಗವನ್ನು ಮುಂಗೈಗೆ ಕಟ್ಟಿಕೊಳ್ಳಲು ಹಿರಿಯ ಡಾಕ್ಟರೇ ಒಪ್ಪಿದರು. ಕೈ ಚೆನ್ನಾಗಿ ಓಡಿತು ಅವರದು. ಸೋಮವಾರ ಮೀಟಿಂಗಿನಲ್ಲಿ ಮಾತ್ರ ಇಡೀ ಕಥೆಯನ್ನು ತಮ್ಮದೇ ಎನ್ನುವಂತೆ ಹೇಳಿ, ಕೊನೆಗೆ ನನ್ನತ್ತ ಕೈ ತೋರಿಸಿದರು: "ನಮ್ಮ ಮೇಡಮ್ಮೂ ಈ ಸಲ ಚೆನ್ನಾಗಿ ಅಂಟಿಸಿದ್ರು." ಮತ್ತೆ ಎಲ್ಲರೂ ನಕ್ಕರು. ಮೈಯೆಲ್ಲ ಉರಿದುಹೋಯಿತು. ಆದರೆ ಈಗ ನನಗೆ ಅವಸರ ಇರಲಿಲ್ಲ. ಆಂಟಿ ಕ್ಷೇಮವಾಗಿದ್ದರು. ಇನ್ನು ಎಷ್ಟು ದಿನ ಬೇಕಾದರೂ ಕಾಯಬಲ್ಲೆ. ಅವರು 'ಆರ್ಟಿಫ್ಯಾಕ್ಟ್' ಎಂದು ಬರೆದು ಸಹಿ ಹಾಕಿದ್ದ ಮೊದಲ ಹಾಳೆ ಫೈಲಿನಲ್ಲಿದೆಯೇ ಎಂದು ನೋಡಿಕೊಂಡೆ. ಇತ್ತು.

ಒಂದು ತಿಂಗಳ ಮೇಲೆ ಆಂಟಿ ತಪಾಸಣೆಗೆ ಬಂದರು. ಭುಜದ ಮೇಲೆ ಓದುವ ಸಾಧನ ಇಟ್ಟರೆ ಪೇಸ್‌ಮೇಕರ್ ತನ್ನ ಲೆಕ್ಕವನ್ನೆಲ್ಲ ಒಪ್ಪಿಸುತ್ತದೆ: ಎಷ್ಟು ಬಡಿತ ಹೃದಯದ್ದು, ಎಷ್ಟು ತನ್ನದು.

"ಏಣಿ ಹತ್ತಬಹುದೇನಮ್ಮಾ?"

"ಇನ್ನೊಂದು ತಿಂಗಳು ಅಂಕಲ್ ಹತ್ಲಿ ಆಂಟಿ."

"ಅವ್ರಿಗೆ ಮಂಡಿನೋವು. ಅಂಗ್ಡಿ ಮುಚ್ಚಬೇಕಾಗತ್ತೆ ಅಷ್ಟೆ," ಎಂದು ನಕ್ಕು, ನನಗೊಂದು ಸ್ಟೀಲ್ ಡಬ್ಬಿ ಕೊಟ್ಟರು. ತಳದಲ್ಲಿ ನನ್ನ ಹೆಸರು ಕೊರೆಸಿದ್ದರು.

ಮುಂದಿನ ಸೋಮವಾರ ತಪಾಸಣೆಗಳ ಪಟ್ಟಿ ಓದುವ ಸರದಿ ನನ್ನದು. ಪರದೆಯ ಮೇಲೆ ಮೊದಲು ಹಿರಿಯ ಡಾಕ್ಟರ ಕೈಬರಹದ ಆ ಹಳೇ ಹಾಳೆ ಹಾಕಿದೆ. ಪಕ್ಕದಲ್ಲೇ ಪೇಸ್‌ಮೇಕರಿನ ಲೆಕ್ಕ ಹಾಕಿದೆ. ಅವರು ಫೋನ್ ನೋಡುತ್ತಿದ್ದರು.

"ಹ್ಞಾ, ಆ ಪಾತ್ರೆ ಅಂಗಡಿಯವ್ರು. ಎಷ್ಟು ಸಲ ಪೇಸ್ ಮಾಡಿದೆ?"

"ಈ ತಿಂಗಳು ಒಂದು ಲಕ್ಷದ ಹನ್ನೆರಡು ಸಾವಿರ ಚಿಲ್ಲರೆ ಸಾರ್," ಎಂದೆ. "ಎಲ್ಲಾ ಆರ್ಟಿಫ್ಯಾಕ್ಟು."

ಅವರು ತಲೆ ಎತ್ತಿ ಪರದೆ ನೋಡಿದರು. ತಮ್ಮ ಸಹಿ ನೋಡಿದರು. ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಚಟ ನೋಡಿ, ಎಣಿಸತೊಡಗಿದೆ. ಒಂಬತ್ತು ಸೆಕೆಂಡು.

ಆಮೇಲೆ ಎಕೋ ವಿಭಾಗದವಳು ನಕ್ಕಳು. ಈ ಸಲ ಅವಳು ನನ್ನ ಕಡೆ ನೋಡುತ್ತಿರಲಿಲ್ಲ.